ಕಸದ ಗಾಡಿಯಲ್ಲಿ ಶಾಲೆಯ ಸುದ್ದಿ

ಪಂಚಾಯ್ತಿಯ ಕಸದ ಗಾಡಿಯ ಮೈಕಿಗೆ ಹತ್ತಿಬೀಜದ ಖಾಲಿ ಚೀಲವೊಂದನ್ನು ಕಟ್ಟಿದ್ದರು, ಮಳೆಗೆ ನೆನೆಯಬಾರದೆಂದು. ಗಾಡಿ ಓಣಿಯಲ್ಲಿ ತಿರುಗಿದಾಗಲೆಲ್ಲ ಚೀಲ ಪಟಪಟ ಬಡಿದು, ನನ್ನ ದನಿಯ ಒಂದೆರಡು ಪದಗಳು ತಪ್ಪಿಹೋಗುತ್ತಿದ್ದವು.

ಮುಂಡರಗಿ ಕಡೆಯ ಆ ಊರಿನ ಪ್ರಾಥಮಿಕ ಶಾಲೆಯಲ್ಲಿ ನಾನು ಅತಿಥಿ ಶಿಕ್ಷಕಿ. ನನ್ನದು ಬೆಟಗೇರಿ, ಶಾಲೆಯ ಊರಲ್ಲೇ ಬಾಡಿಗೆಗೆ ಒಂದು ಖೋಲಿ ಹಿಡಿದಿದ್ದೆ. ಪಾಲಕರ ವಾಟ್ಸಾಪ್ ಗುಂಪು ಇತ್ತು. ಆದರೆ ಫೋನು ಗಂಡಸರ ಜೇಬಿನಲ್ಲಿ ಹೊಲಕ್ಕೆ ಹೋಗುತ್ತಿತ್ತು. ತಾಯಂದಿರಿಗೆ ಸುದ್ದಿ ಮುಟ್ಟಬೇಕಲ್ಲ. ಬೆಳಿಗ್ಗೆ ಬುಟ್ಟಿ ಹಿಡಿದು ಹೊರಗೆ ಬರುವವರು ಅವರೇ ಎಂದು ಮುಖ್ಯೋಪಾಧ್ಯಾಯರು ಈ ದಾರಿ ಹುಡುಕಿದರು. ನಾನು ಫೋನಿನಲ್ಲಿ ಮಾತಾಡಿ, ರೆಕಾರ್ಡ್ ಮಾಡಿ ಗಾಡಿಯವನಿಗೆ ಕಳಿಸುತ್ತಿದ್ದೆ. ಹಸಿ ಕಸ ಬೇರೆ, ಒಣ ಕಸ ಬೇರೆ ಎಂಬ ಹಾಡು ಮುಗಿದ ಮೇಲೆ ಪಾಲಕರ ಸಭೆ, ಲಸಿಕೆ, ಸಮವಸ್ತ್ರದ ಸುದ್ದಿ ಬರುತ್ತಿತ್ತು.

ಆ ಜೂನ್‌ನಲ್ಲಿ ಸುದ್ದಿ ಒಂದೇ: ಒಂದನೇ ತರಗತಿಗೆ ಆರು ತುಂಬಿದ ಮಕ್ಕಳನ್ನು ಸೇರಿಸಿರಿ. ಮಕ್ಕಳ ಲೆಕ್ಕದ ಮೇಲೆಯೇ ಅಡುಗೆಯವರ ಲೆಕ್ಕ. ಇನ್ನೊಂದು ಮಗು ಬಂದರೆ ಬಿಸಿಯೂಟಕ್ಕೆ ಇಬ್ಬರು ಅಡುಗೆಯವರು ಉಳಿಯುತ್ತಾರೆ, ಇಲ್ಲದಿದ್ದರೆ ಒಬ್ಬರೇ. ಹೋಗಬೇಕಾದವಳು ಇಬ್ಬರಲ್ಲಿ ಸಣ್ಣವಳು, ದರ್ಜಿಯ ಹೆಂಡತಿ. ಅದು ಅವಳಿಗೂ ಗೊತ್ತಿತ್ತು.

ತರಗತಿಗಳಲ್ಲಿ ಗದ್ದಲವೆಂದು ಅಡುಗೆಮನೆಯಲ್ಲೇ ಮಾತಾಡುತ್ತಿದ್ದೆ. ಸಣ್ಣವಳು ಬಳ್ಳೊಳ್ಳಿ ಎಸಳು ಬಿಡಿಸುತ್ತ ಕೇಳಿಸಿಕೊಂಡಳು.

“ಟೀಚರ್, ಕರೆಂಟ್ ಹೋಗತೈತಿ ಅಂತ ಹೇಳಿದಂಗ ಆತು. ಉಣ್ಣಾಕ ಕರದಂಗ ಕರೀರಿ.”

“ನೀ ಕರದರ ಇದ್ದವರೂ ಎದ್ದು ಓಡ್ತಾರ ಬಿಡ. ನಿನ್ನಿ ಸಾರಿಗೆ ಉಪ್ಪ ಹಾಕಿದ್ದಿಲ್ಲ,” ಎಂದಳು ದೊಡ್ಡ ಅಡುಗೆಯವಳು.

“ನೀನ ಹಾಕೀ ಅಂತ ಬಿಟ್ಟೆ, ಅಕ್ಕಾ.”

ಮತ್ತೆ ಮಾತಾಡಿದೆ. ಇಬ್ಬರು ಅಡುಗೆಯವರಿದ್ದಾರೆ, ಊಟ ಬಿಸಿಯಾಗಿರುತ್ತದೆ, ಬನ್ನಿರಿ ಎಂದೆ. ಎರಡನೆಯದನ್ನೇ ಕಳಿಸಿದೆ.

ಪ್ರವೇಶದ ಕೊನೆಯ ದಿನ ಒಬ್ಬ ತಾಯಿ ಬಂದಳು, ಮಗಳ ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು. “ಕಸದ ಗಾಡಿ ಟೀಚರ್ ನೀವ ಏನ್ರಿ?” ಎಂದು ಕೇಳಿದಳು. ಹೌದೆಂದೆ. ಸಣ್ಣವಳು ಸೌಟು ಹಿಡಿದೇ ಬಾಗಿಲಿಗೆ ಬಂದು ನಿಂತಳು.

ಮುಖ್ಯೋಪಾಧ್ಯಾಯರು ಹುಡುಗಿಯ ಆಧಾರ್ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದರು. “ಆರು ತುಂಬಿಲ್ಲವ್ವಾ ಇಕೀಗೆ. ಕಂಪ್ಯೂಟರ್ ತಗೊಳ್ಳಂಗಿಲ್ಲ. ಮುಂದಿನ ವರ್ಷ ಕರಕೊಂಡ ಬಾ.”

“ಮೈಕಿನ್ಯಾಗ ವಯಸ್ಸು ಹೇಳಿದ್ದಿಲ್ಲರಿ.”

ಹೇಳಿದ್ದೆ. ಆ ಮಾತು ಬರುವಾಗ ಗಾಡಿ ಅವಳ ಓಣಿಯ ಮೂಲೆ ತಿರುಗುತ್ತಿತ್ತೋ ಏನೋ.

“ಬಂದಾಕಿ ಉಂಡ ಹೋಗಲಿ,” ಎಂದು ಸಣ್ಣವಳು ಹುಡುಗಿಯನ್ನು ಒಳಗೆ ಕರೆದೊಯ್ದಳು. ಅನ್ನ ಸಾರು ಹಾಕಿ, ಮೊಟ್ಟೆ ಸುಲಿದುಕೊಟ್ಟಳು. ಹುಡುಗಿ ಹಳದಿ ಭಾಗವನ್ನು ತಟ್ಟೆಯ ಅಂಚಿಗೆ ತಳ್ಳಿದಳು.

“ಅದನ್ನೂ ತಿನ್ನ, ಜಲ್ದಿ ಆರು ತುಂಬತಾವ,” ಎಂದಳು ಸಣ್ಣವಳು.

ಸಂಜೆ ಹೊಸ ಸುದ್ದಿ ಮಾತಾಡಬೇಕಿತ್ತು: ಪ್ರವೇಶ ಮುಗಿದಿದೆ, ಶನಿವಾರ ಪಾಲಕರ ಸಭೆ. ಸಣ್ಣವಳು ಬೋಗುಣಿ ತಿಕ್ಕುತ್ತಿದ್ದಳು. ನಾನು ಫೋನು ತೆಗೆದದ್ದು ಕಂಡು ಕೈ ನಿಲ್ಲಿಸಿದಳು, ಸದ್ದು ಬರಬಾರದೆಂದು. ಅಡುಗೆಯವರ ಮಾತು ಬಿಟ್ಟು ಹೇಳಿದೆ. ಒಂದೇ ಸಲಕ್ಕೆ ಸರಿಯಾಯಿತು.

“ಆತೇನ್ರಿ?” ಎಂದು ಕೇಳಿ ಮತ್ತೆ ತಿಕ್ಕತೊಡಗಿದಳು. ಏನಾದರೂ ಹೇಳಬೇಕಿತ್ತು. ಚಪ್ಪಲಿ ಮೆಟ್ಟಿ ಖೋಲಿಗೆ ಬಂದೆ.

ಮರುದಿನ ಬೆಳಿಗ್ಗೆ ಗಾಡಿ ಬಂತು. ಹಾಡು ಮುಗಿದು ನನ್ನ ದನಿ ಶುರುವಾಯಿತು. ಹಳೆಯದೇ. ಇಬ್ಬರು ಅಡುಗೆಯವರಿದ್ದಾರೆ, ಊಟ ಬಿಸಿಯಾಗಿರುತ್ತದೆ, ಬನ್ನಿರಿ.

“ಹೊಸಾದು ಪೆನ್‌ಡ್ರೈವ್‌ಗೆ ಹಾಕಾಕ ಆಗಿಲ್ಲರಿ ಟೀಚರ್. ಇವತ್ತೊಂದಿನ ಇದ ಇರಲಿ,” ಎಂದ ಗಾಡಿಯವನು.

ಆಗಲಿ ಎಂದೆ. ಬುಟ್ಟಿಯನ್ನು ಎತ್ತಿ ಕೊಟ್ಟೆ. ಗಾಡಿ ದರ್ಜಿಯ ಓಣಿಗೆ ತಿರುಗಿತು, ಚೀಲ ಪಟಪಟ ಬಡಿಯಿತು. ನಾನು ನಳದ ಕೆಳಗೆ ಬುಟ್ಟಿ ತೊಳೆದು, ಮೆಟ್ಟಿಲ ಮೇಲೆ ಬೋರಲು ಹಾಕಿದೆ.