ಸೊಟ್ಟ ಗೆರೆಯ ಚಾಕು

ನಮ್ಮ ವಡಗಾವಿಯ ಅಡುಗೆಮನೆಯ ಗೂಡಿನಲ್ಲೊಂದು ಚಾಕುವಿದೆ. ಅದರ ಮೂತಿ ನೆಟ್ಟಗೆ ಮುಂದೆ ನೋಡದೆ, ಮದುವೆಮನೆಯಲ್ಲಿ ಯಾರೂ ಮಾತಾಡಿಸಲಿಲ್ಲವೆಂದು ಮುನಿದ ಬೀಗತಿಯ ಮೂಗಿನಂತೆ ಮೇಲಕ್ಕೆದ್ದಿದೆ. ನೋಡಿದವರೆಲ್ಲ ನಗುತ್ತಾರೆ. ನಗಲಿ ಬಿಡಿ, ಅದನ್ನು ಹಾಗೆ ಮಾಡಿಸಿದವಳು ನಾನೇ, ಅದೂ ಶಾಲೆಯಲ್ಲಿ ಮಕ್ಕಳಿಗೆ ನೆಟ್ಟನೆಯ ಗೆರೆ ಕಲಿಸುತ್ತಿದ್ದ ಚಿತ್ರಕಲೆಯ ಶಿಕ್ಷಕಿ!

ಎಪ್ಪತ್ತರ ದಶಕದ ಕೊನೆಯ ಮಾತು. ಮದುವೆಯಾಗಿ ಎರಡು ವರ್ಷವಾದರೂ ಅತ್ತೆ ನನಗೆ ಒಲೆ ಬಿಟ್ಟುಕೊಟ್ಟಿದ್ದರೇ ಹೊರತು ಚಾಕು ಬಿಟ್ಟುಕೊಟ್ಟಿರಲಿಲ್ಲ. ಅವರು ತಮ್ಮ ತವರು ಖಾನಾಪುರದಿಂದ ತಂದ ಆ ಚಾಕುವನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಅವರು ಮಗಳ ಮನೆಗೆಂದು ಧಾರವಾಡಕ್ಕೆ ಹೋದ ವಾರದಲ್ಲಿ, ನನ್ನ ಬುದ್ಧಿ ನೋಡಿ, ಶಾಲೆಯ ಹೂಕುಂಡಕ್ಕೆಂದು ತಂದ ಹಸಿರು ಬಣ್ಣದ ಡಬ್ಬಿಯ ಮುಚ್ಚಳವನ್ನು ಅದೇ ಚಾಕುವಿನಿಂದ ಮೀಟಿದೆ. ಟಕ್ಕೆಂದು ತುದಿ ಮುರಿಯಿತು. ಮರುದಿನ ಸಂಜೆ ಅವರು ಬರುವಷ್ಟರಲ್ಲಿ ಅಂಥದ್ದೇ ಇನ್ನೊಂದು ಗೂಡಿನಲ್ಲಿರದಿದ್ದರೆ, ಆ ಅಡುಗೆಮನೆಯಲ್ಲಿ ನಾನು ಜನ್ಮಪೂರ್ತಿ ಹೊರಗಿನವಳೇ.

ಮುರಿದ ಚಾಕುವನ್ನು ಹಾಳೆಯ ಮೇಲಿಟ್ಟು, ಅಂಚು ಹಿಡಿದು ಗೆರೆ ಎಳೆದು, ಇಲ್ಲದ ತುದಿಯನ್ನು ಕಲ್ಪನೆಯಿಂದ ತುಂಬಿ, ಬೆಳಗಿನ ಬಸ್ಸಿಗೆ ಖಾನಾಪುರದ ಕುಲುಮೆಗೆ ಓಡಿದೆ. ಅತ್ತೆಯ ಚಾಕು ಬಡಿದಿದ್ದ ಇಮಾಮಸಾಬರು ನನ್ನ ಚಿತ್ರಕ್ಕೆ ತಲೆದೂಗಿ, ಆಮೇಲೆ ಬಳಪದಿಂದ ತಗಡಿನ ಮೇಲೆ ತಮ್ಮದೇ ಒಂದು ಚಾಕು ಬರೆದರು: ಹರಿತದ ಕಡೆಗೆ ಬಾಗಿ, ತಲೆ ತಗ್ಗಿಸಿದ ಚಾಕು. ಅವರು ಚಹಾಕ್ಕೆ ಎದ್ದದ್ದೇ ತಡ, ನನ್ನ ಕೈ ಸುಮ್ಮನಿರಬೇಕಲ್ಲ! ಒರೆಸಿ, ನೆಟ್ಟಗೆ ತಿದ್ದಿದೆ.

“ಅಕ್ಕೋರ, ನೀವ ತಿದ್ದೀರೇನ್ರಿ?”

“ಹೌದ್ರಿ. ಜರಾ ಸೊಟ್ಟ ಆಗಿತ್ತು.”

“ಆತ್ ಬಿಡ್ರಿ, ನೀವ್ ಬರದಂಗ ಬಡೀತೀನಿ.”

ಲಾರಿಯ ಸ್ಪ್ರಿಂಗ್ ಪಟ್ಟಿಯ ತುಂಡನ್ನು ಕಾಯಿಸಿ, ನನ್ನ ಗೆರೆಗೆ ಸರಿಯಾಗಿ ನೆಟ್ಟಗೆ ತಂದರು. ನಾನು ಬೀಗಿದೆ. ಆದರೆ ಹರಿತ ತೆಳುವಾಗಲೆಂದು ಒಂದು ಅಂಚನ್ನೇ ಬಡಿದಂತೆಲ್ಲ ಆ ಕಡೆಯ ಕಬ್ಬಿಣ ಹಿಗ್ಗಿ, ಚಾಕು ಬೆನ್ನಿನ ಕಡೆಗೆ ಬಾಗುತ್ತ ಬಾಗುತ್ತ ಮೂತಿ ಎತ್ತಿತು.

“ಬಡದಂಗ ಅದು ಮ್ಯಾಲ ಏಳತೈತ್ರಿ ಅಕ್ಕೋರ. ಅದಕ್ಕ ಮೊದಲ ತಗ್ಗಿಸಿ ಬರದಿದ್ದೆ” ಎಂದು ನಕ್ಕು, ತಮ್ಮ ಸೊಟ್ಟ ಗೆರೆಯನ್ನೇ ಮತ್ತೆ ಬರೆದು ಇನ್ನೊಂದು ಬಡಿದರು. ಅದು ನೆಟ್ಟಗೆ ಬಂತು.

ಎರಡನ್ನೂ ಚೀಲಕ್ಕಿಳಿಸಿ ಬಸ್ಸಿನಲ್ಲಿ ಕೂತಾಗ, ಗೆಳೆಯರೇ, ನಗುವೂ ನಾಚಿಕೆಯೂ ಒಟ್ಟಿಗೇ ಬಂದವು. ಎಷ್ಟು ಮಕ್ಕಳ ವಾಲಿದ ಮನೆ, ಬಾಗಿದ ಮರಗಳನ್ನು ಕೆಂಪು ಪೆನ್ಸಿಲ್ಲಿನಿಂದ ನೆಟ್ಟಗೆ ಮಾಡಿದ್ದೆನೋ, ಏಕೆ ಬಾಗಿವೆಯೆಂದು ಒಮ್ಮೆಯೂ ಕೇಳದೆ! ಅತ್ತೆಯನ್ನೂ ಎರಡು ವರ್ಷದಿಂದ ಮನಸ್ಸಿನಲ್ಲೇ ತಿದ್ದುತ್ತಿದ್ದೆ. ಅವರನ್ನೂ ಏನೂ ಕೇಳಿರಲಿಲ್ಲ.

ಮನೆಗೆ ಬಂದರೆ ಅತ್ತೆ ನನಗಿಂತ ಮೊದಲೇ ಬಂದಿದ್ದಾರೆ! ಅವರ ಮುಂದೆ ಹಸಿರು ಡಬ್ಬಿ. ಮುಚ್ಚಳದ ಸಂದಿನಲ್ಲಿ ನಾನು ಮರೆತೇಬಿಟ್ಟಿದ್ದ ಚಾಕುವಿನ ತುದಿ. ಎರಡೂ ಚಾಕು ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಅವರು ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿ, ಸೊಟ್ಟದ್ದನ್ನು ತಮ್ಮ ಕಡೆ ಎಳೆದುಕೊಂಡು, ನೆಟ್ಟನೆಯದನ್ನು ನನ್ನತ್ತ ಸರಿಸಿದರು.

“ಇದು ನಿಂದು, ಶೈಲಾ. ಡಬ್ಬಿ ತೆಗ್ಯಾಕ ಹಚ್ಚಿದಿ ಅಂದ್ರ ನೋಡು ಮತ್ತ!”

ಮುಂದೊಮ್ಮೆ ಅತ್ತೆಯೂ ನಾನೂ ಆ ಸೊಟ್ಟ ಚಾಕುವನ್ನು ಖಾನಾಪುರಕ್ಕೆ ಸಾಣೆಗೆ ಒಯ್ದಾಗ, ಕಾಯಿಸಿ ನೆಟ್ಟಗೆ ಮಾಡಿಕೊಡಲೇ ಎಂದು ಇಮಾಮಸಾಬರು ಕೇಳಿದರು. ನಾನು ಹೂಂ ಎನ್ನುವವಳಿದ್ದೆ. ಅತ್ತೆ ಅವರ ಕೈಯಿಂದ ಚಾಕು ಕಸಿದುಕೊಂಡೇಬಿಟ್ಟರು.

“ಬ್ಯಾಡ್ರಿ, ಹಂಗ ಇರಲಿ. ಇದು ನನ್ನ ಸೊಸಿ ಬರದದ್ದು.”