ಒಂದೇ ನಲ್ಲಿಯ ಚಹಾ ಮೇಜು

ಊರವರು ತಂತಿ ಅಕ್ಕ ಎಂದು ಕರೆಯುವವಳ ಅಜ್ಜ ಟೆಲಿಫೋನ್ ಕಂಬ ನೆಟ್ಟವನು. ಬಿರುಗಾಳಿಗೆ ಊರಿನ ಕಂಬಗಳೆಲ್ಲ ಮಕಾಡೆ ಮಲಗಿದಾಗ ಹೆಗಲು ಕೊಟ್ಟು ಎಬ್ಬಿಸಿ ನಿಲ್ಲಿಸಿದ ಆಳು. ತಾಯಿ ಎಕ್ಸ್‌ಚೇಂಜಿನಲ್ಲಿ ಕರೆ ಜೋಡಿಸುತ್ತಿದ್ದವಳು. ಹೆರಿಗೆ ಆಸ್ಪತ್ರೆಯ ಕರೆ ಮುಂದಿರುವಾಗ ತನ್ನದನ್ನು ಮೊದಲು ಜೋಡಿಸೆಂದು ಗುಡುಗಿದ ಮೇಲಧಿಕಾರಿಗೆ, ಸರದಿ ಬರಲಿ ಸ್ವಾಮಿ ಎಂದು ಹೇಳಿ ಮಿಸುಕಾಡದೆ ಕೂತವಳು. ಇಂಥವರ ಮನೆಯಲ್ಲಿ ಹುಟ್ಟಿದವಳು ತಲೆ ಬಾಗಿಸುವುದನ್ನು ಎಲ್ಲಿಂದ ಕಲಿತಾಳು?

ಅವಳೂ ಅಜ್ಜ, ತಾಯಿ ದುಡಿದ ಅದೇ ಟೆಲಿಫೋನ್ ಕಂಪನಿಯ ಅನ್ನ ಉಂಡವಳೇ. ದೇಶದ ಉದ್ದಗಲಕ್ಕೂ ತಂತಿ ಎಳೆದ ಆ ಕಂಪನಿ ಸರ್ಕಾರದ ಕಟ್ಟಪ್ಪಣೆಯಿಂದ ಎರಡು ಹೋಳಾಯಿತು. ಕಂಬ, ಕೇಬಲ್ಲು, ತಂತಿಯೆಲ್ಲ ಸಗಟು ವಿಭಾಗದ ಪಾಲಿಗೆ. ಮನೆಮನೆಗೆ ಸಂಪರ್ಕ ಮಾರುವುದು ಚಿಲ್ಲರೆ ವಿಭಾಗದ ಪಾಲಿಗೆ. ಹೊರಗಿನ ಸಣ್ಣ ಅಂಗಡಿಯವರೂ ಸಗಟಿನವರಿಂದ ಲೈನು ಕೊಂಡು ಮಾರಬಹುದು. ಎಲ್ಲರಿಗೂ ಒಂದೇ ಸರದಿ ಎಂಬುದು ಷರತ್ತು. ಕಚೇರಿಯ ನಡುಮಧ್ಯೆ ಪ್ಲೈವುಡ್ ಗೋಡೆ ಎದ್ದಿತು, ಬಾಗಿಲುಗಳೂ ಬೇರೆಯಾದವು. ಆದರೆ ನೀರಿನ ನಲ್ಲಿ ಒಂದೇ ಇದ್ದದ್ದರಿಂದ, ಚಹಾ ಕಾಯಿಸುವ ಮೇಜು ಮಾತ್ರ ಇಬ್ಬರಿಗೂ ಸೇರಿ ಉಳಿಯಿತು. ಚಿಲ್ಲರೆಯವರು ಲೋಟ ಹಿಡಿದು ಅಲ್ಲಿಗೆ ಹೋಗಿ, ನಮ್ಮ ಗಿರಾಕಿಯ ಲೈನನ್ನು ಸರದಿಯಲ್ಲಿ ಒಂಚೂರು ಮುಂದೆ ತಳ್ಳಿಬಿಡಪ್ಪ ಎಂದು ಸಗಟಿನವರಿಗೆ ಹೇಳುವರು. ಚಹಾ ಆರುವ ಮೊದಲೇ ಕೆಲಸ ಕೈಗೂಡಿರುತ್ತಿತ್ತು.

ಇದನ್ನು ಕಣ್ಣಾರೆ ಕಂಡ ಅಕ್ಕ ನುಂಗಿಕೊಂಡು ಕೂರಲಿಲ್ಲ. ಕೆಲಸಕ್ಕೆ ರಾಜೀನಾಮೆ ಕೊಟ್ಟು ಬೀದಿಯ ಮೂಲೆಯಲ್ಲಿ ತನ್ನದೇ ಅಂಗಡಿ ತೆರೆದಳು. ಲೈನು ಕೊಳ್ಳುವುದು ಅದೇ ಸಗಟಿನವರಿಂದ. ಚಹಾ ಮೇಜಿನ ಸಂಗತಿಯ ಬಗ್ಗೆ, ಸರದಿಯ ಷರತ್ತನ್ನು ಕಾಯುವ ಸರ್ಕಾರದ ನಿಯಂತ್ರಣ ಮಂಡಳಿಗೆ ದೂರು ಕೊಟ್ಟಳು. ಹಳೆಯ ಸಹೋದ್ಯೋಗಿಗಳು ಎದುರಾದರೆ ಮುಖ ತಿರುಗಿಸತೊಡಗಿದರು. ಅವಳೋ, ಬೇಕೆಂದೇ ಅದೇ ದಾರಿಯಲ್ಲಿ ಓಡಾಡಿದಳು.

ಅಷ್ಟರಲ್ಲಿ ಬಂತು ಪೇಚು. ಅವಳ ಅಂಗಡಿ ನಡೆಯುತ್ತಿದ್ದದ್ದೇ ದೊಡ್ಡ ಗಿರಾಕಿಯಾದ ಒಬ್ಬ ಹಲ್ಲಿನ ಡಾಕ್ಟರಿಂದ. ಅವರು ಹೊಸ ಕಟ್ಟಡಕ್ಕೆ ಲೈನು ಕೇಳಿದ್ದರು. ಶುಕ್ರವಾರದೊಳಗೆ ಬಾರದಿದ್ದರೆ ಕಂಪನಿಯ ಚಿಲ್ಲರೆಯವರ ಹತ್ತಿರವೇ ಹೋಗುತ್ತೇನೆ ಎಂದು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟರು. ಅವರು ಹೋದರೆ ಅಂಗಡಿ ಮುಚ್ಚಿದ ಹಾಗೆಯೇ.

ಸಗಟು ವಿಭಾಗದಲ್ಲಿ ಲೈನು ಹಂಚುವ ಕುರ್ಚಿಯಲ್ಲಿದ್ದವನು ಅವಳ ಸ್ವಂತ ತಮ್ಮ. ಸುದ್ದಿ ತಿಳಿದು ಗುರುವಾರ ಸಂಜೆ ಬಂದು ಸ್ಟೂಲಿನ ಮೇಲೆ ಕುಕ್ಕರಿಸಿದ.

“ಅಕ್ಕಾ, ಹೂಂ ಅನ್ನು ಸಾಕು. ನಿನ್ನ ಲೈನು ಮುಂದೆ ತಳ್ಳಿ ಬೆಳಿಗ್ಗೇನೇ ಆಳು ಕಳಿಸ್ತೀನಿ. ಯಾರಿಗೂ ಗೊತ್ತಾಗಲ್ಲ.”

“ನಿಂಗೆ ಗೊತ್ತಿರುತ್ತಲ್ಲೋ. ನಂಗೂ ಗೊತ್ತಿರುತ್ತೆ.”

“ಅಮ್ಮನ ಹಟ ಪೂರ್ತಿ ನಿಂಗೇ ಬಂತು. ನಂಗೆ ಅವಳ ಮೂಗಷ್ಟೇ ಸಿಕ್ತು. ಚಿಲ್ಲರೆಯವರೆಲ್ಲ ಇದನ್ನೇ ಮಾಡ್ತಿಲ್ವಾ?”

ಅಕ್ಕ ಮೇಜು ಒರೆಸುತ್ತಿದ್ದ ಬಟ್ಟೆಯನ್ನು ಕೊಡವಿದಳು.

“ಅವರು ಮಾಡ್ತಾರೆ ಅಂತಾನೇ ಅಲ್ವೇನೋ ನಾನು ದೂರು ಕೊಟ್ಟಿರೋದು? ಮಂಡಳಿಯವರು ಬಂದು ಕೇಳಿದ್ರೆ ಯಾವ ಬಾಯಲ್ಲಿ ಮಾತಾಡ್ಲಿ? ಡಾಕ್ಟ್ರು ಹೋದ್ರೆ ಹೋಗ್ಲಿ, ಬಾಗಿಲು ಹಾಕೋದಾದ್ರೆ ನನ್ನ ಕೈಯಾರೆ ನಾನೇ ಹಾಕ್ತೀನಿ. ನನ್ನ ಲೈನು ಸರದೀಲೇ ಬರಲಿ. ಮನೆಗೆ ಬಾ, ಹೊಟ್ಟೆ ತುಂಬ ಊಟ ಹಾಕ್ತೀನಿ. ನಿನ್ನ ಆ ಮೇಜಿನ ಚಹಾ ಮಾತ್ರ ನಂಗೆ ಬೇಡ.”