ಹಾಜರಿ ಪುಸ್ತಕದ ಮಕ್ಕಳು

ಮಕ್ಕಳೇ, ನಿಮ್ಮ ಆಯಿ ಅಂಗನವಾಡಿಯ ಅಕ್ಕೋರಾಗಿದ್ದಳು ಎಂಬುದು ನಿಮಗೆ ಗೊತ್ತು. ಆ ಅಂಗನವಾಡಿ ಯಾಕೆ ಮುಚ್ಚಿತು ಎಂಬುದನ್ನು ಮಾತ್ರ ನಾನು ಯಾರ ಮುಂದೆಯೂ ಬಾಯಿ ಬಿಟ್ಟು ಹೇಳಿಲ್ಲ. ಬಾಯಿಂದ ಬಾರದ್ದನ್ನು ಬರೆದಾದರೂ ಇಡೋಣ ಎಂದು ಕುಳಿತಿದ್ದೇನೆ.

ನಿಮ್ಮ ಅಜ್ಜ ತೀರಿಕೊಂಡಾಗ ನಿಮ್ಮ ಅಪ್ಪ ಇನ್ನೂ ಶಾಲೆಗೆ ಸೇರಿರಲಿಲ್ಲ. ನಾನು ತಿಳವಳ್ಳಿಯಲ್ಲಿ ಹತ್ತನೆಯವರೆಗೆ ಓದಿದ್ದೆ. ಗಂಡ ಸತ್ತವರಿಗೆ ಮೊದಲ ಅವಕಾಶ ಎಂದು ನಮ್ಮೂರಿನ ಅಂಗನವಾಡಿಯ ಕೆಲಸ ಸಿಕ್ಕಿತು. ಮಕ್ಕಳ ಮುಂದೆ ಹಾಡುತ್ತಿದ್ದೆ, ಕುಣಿಯುತ್ತಿದ್ದೆ. ಬಾಗಿಲಲ್ಲಿ ದೊಡ್ಡವರು ಯಾರಾದರೂ ಬಂದು ನಿಂತರೆ ಹಾಡು ಬಿಟ್ಟು ಮಕ್ಕಳ ನಡುವೆ ಕುಳಿತುಬಿಡುತ್ತಿದ್ದೆ.

ಅಂಥ ನನ್ನನ್ನು ಅಂಗನವಾಡಿಯವರ ಸಂಘಕ್ಕೆ ಎಳೆದುಕೊಂಡು ಹೋದವಳು ಶಿಗ್ಗಾಂವಿ ಕಡೆಯ ಒಬ್ಬ ಟೀಚರ್. ತರಬೇತಿಯಲ್ಲಿ ನನ್ನ ಪಕ್ಕ ಕುಳಿತಿದ್ದಳು. ನನಗಿಂತ ಹಿರಿಯಳು, ಅಕ್ಕ ಎನ್ನುತ್ತಿದ್ದೆ.

“ಸಂಘದಾಗ ನಾ ಏನ್ ಮಾಡ್ಲಿ ಅಕ್ಕಾ? ನನಗ ಮಾತಾಡಾಕ ಬರಂಗಿಲ್ಲ” ಎಂದೆ.

“ಮಾತಾಡಾಕ ನಾ ಅದೇನಿ. ನೀ ಬಂದು ಕುಂದ್ರು ಸಾಕು. ತಲಿ ಎಣಿಸೋವಾಗ ನಿಂದೂ ಒಂದು ತಲಿ.”

ಸಭೆ ತಿಂಗಳಿಗೊಮ್ಮೆ ಸರದಿಯ ಮೇಲೆ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಲ್ಲಿ ನಡೆಯುತ್ತಿತ್ತು. ಯಾರ ಸರದಿಯೋ ಅವರೇ ತಿನ್ನಲು ತರಬೇಕು. ಸವಣೂರಿನವರು ತಮ್ಮೂರಿನ ಹೆಸರಾದ ಕುರುಕಲು ತಿಂಡಿ ಖಾರ ತರುವ ದಿನ ಒಬ್ಬರೂ ತಪ್ಪಿಸುತ್ತಿರಲಿಲ್ಲ. ನನ್ನ ಜಾಗ ಯಾವಾಗಲೂ ಬಾಗಿಲ ಬಳಿ, ಬಿಟ್ಟ ಚಪ್ಪಲಿಗಳ ಪಕ್ಕ. “ಚಪ್ಪಲಿ ಕಾಯಾಕ ಬಂದೀಯೇನ ನಮ್ಮವ್ವಾ?” ಎಂದು ಅವರೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಹುಣಸೆ ಬೀಜ ಹರಡಿ ಎಣಿಕೆ ಕಲಿಸುವುದನ್ನು ಹಿರೇಕೆರೂರಿನ ಒಬ್ಬಾಕೆಯಿಂದ ಅಲ್ಲೇ ಕಲಿತೆ. ಮನೆಯ ಹೊರಗೆ ನನ್ನದು ಎನ್ನುವ ಒಂದು ಜಾಗ ಇದ್ದರೆ, ಅದು ಆ ಬಾಗಿಲ ಬಳಿಯದು.

ಆಮೇಲೆ ನಮ್ಮೂರಿನ ಶಾಲೆಯಲ್ಲಿ ಎಲ್‌ಕೆಜಿ ಶುರುವಾಯಿತು. ಅದೇ ಆವರಣದ ಮೂಲೆಯ ಕೋಣೆ ನನ್ನದು. ಟೈ, ಬೆಲ್ಟು ಕಟ್ಟಿಕೊಂಡ ಮಕ್ಕಳು ನನ್ನ ಕಿಟಕಿಯ ಮುಂದೆಯೇ ದಾಟಿ ಹೋಗತೊಡಗಿದರು. ಹಾಜರಿ ಪುಸ್ತಕದ ಇಪ್ಪತ್ತೆರಡು ಮಕ್ಕಳಲ್ಲಿ ಏಳು ಉಳಿದವು. ಮೇಲ್ವಿಚಾರಕಿ ಬಂದವರು, “ಮಕ್ಕಳು ಕಡಿಮಿ ಆದ್ರ ಈ ಕೇಂದ್ರ ಮುಚ್ಚಿ ಮುಂದಿನ ಊರಿಗೆ ಕೂಡಿಸ್ತಾರ ನೋಡ್ರಿ” ಎಂದು ಹೇಳಿ ಹೋದರು.

ಮುಂದಿನ ಊರು ದೂರ. ಉಳಿದ ಏಳೂ ಕೂಲಿಗೆ ಹೋಗುವವರ ಮಕ್ಕಳು. ಅಷ್ಟು ದೂರ ಅವನ್ನು ಬಿಟ್ಟುಬರಲು ಯಾರ ಮನೆಯಲ್ಲೂ ಪುರುಸೊತ್ತಿರಲಿಲ್ಲ. ಮರುದಿನ ನಾನು ಇಪ್ಪತ್ತೆರಡು ಹೆಸರಿಗೂ ಹಾಜರಿ ಹಾಕಿದೆ. ಬಾರದ ಮಕ್ಕಳ ಮೊಟ್ಟೆಯನ್ನು ಸಂಜೆ ಅವರವರ ಮನೆಗೇ ಮುಟ್ಟಿಸಿದೆ. ಹಾಗಾಗಿ ಅದು ಕಳ್ಳತನವೆಂದು ನನಗೆ ಅನ್ನಿಸಲಿಲ್ಲ. ದಿನವೂ ಹಾಗೇ ಮಾಡಿದೆ.

ಸಂಘದವರೆಲ್ಲ ಸೇರಿ ಮನವಿ ಬರೆದರು. ಆರು ವರ್ಷದವರೆಗಿನ ಮಕ್ಕಳನ್ನು ನಮ್ಮ ಹತ್ತಿರವೇ ಬಿಡಿ, ಎಲ್‌ಕೆಜಿ ಪಾಠವನ್ನೂ ನಾವೇ ಕಲಿತು ಕಲಿಸುತ್ತೇವೆ ಎಂಬುದೇ ಅದರ ಸಾರ. ಅದನ್ನು ಕೊಡಲು ಸವಣೂರಿನ ಉಪವಿಭಾಗ ಕಚೇರಿಯಲ್ಲಿ ಅಧಿಕಾರಿ ಮೇಡಂ ಒಬ್ಬರನ್ನು ಕಾಣಬೇಕಿತ್ತು. ಬರುವಾಗ ಹಾಜರಿ ಪುಸ್ತಕ ತನ್ನಿ ಎಂದು ಅವರೇ ಹೇಳಿಕಳಿಸಿದ್ದರು.

ಅಕ್ಕ ನಿಂತು ಮಾತಾಡಿದಳು. “ಎಲ್‌ಕೆಜಿ ಬಂದಾಗಿಂದ ನಮ್ಮ ಕೇಂದ್ರ ಖಾಲಿ ಆಗ್ಯಾವ್ರಿ ಮೇಡಂ. ಹಿಂಗಾದ್ರ ಒಂದೊಂದ ಮುಚ್ಚತಾವ್ರಿ.”

ಮೇಡಂ ಕೆಟ್ಟವರೇನಲ್ಲ, ಗಮನವಿಟ್ಟು ಕೇಳಿಸಿಕೊಂಡರು. ನಂತರ ಕತ್ತೆತ್ತಿ, “ಅಲ್ಲಿ ಬಾಗಲ ಹತ್ರ ನಿಂತಾರಲ್ಲ, ಅವರು ಬರ್ರಿ. ನಿಮ್ಮ ಪುಸ್ತಕ ಕೊಡ್ರಿ” ಎಂದರು.

ಕೊಟ್ಟೆ. ಹಾಳೆ ತಿರುವಿದರು.

“ಇಲ್ಲಿ ಎಲ್ಲಾ ತುಂಬೇತಲ್ರಿ? ಒಂದು ದಿನಾನೂ ಯಾರೂ ತಪ್ಪಿಸಿಲ್ಲ.” ಮೊದಲ ಸಾಲಿನ ಹೆಸರು ಓದಿ, “ಈ ಹುಡುಗಿ ದಿನಾ ಬರ್ತಾಳೇನ್ರಿ?” ಎಂದು ಕೇಳಿದರು.

ಇಲ್ಲ ಎಂದಿದ್ದರೆ ನನ್ನ ಕೆಲಸ ಹೋಗುತ್ತಿತ್ತು, ಆದರೆ ಸಂಘದ ಮಾತು ಉಳಿಯುತ್ತಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಹೌದೆಂದು ತಲೆಯಾಡಿಸಿದೆ.

“ಮತ್ತ ಖಾಲಿ ಎಲ್ಲೈತಿ?” ಎಂದು ಮೇಡಂ ಮನವಿಯ ಕಾಗದವನ್ನು ಅಕ್ಕನ ಕಡೆಗೆ ಸರಿಸಿದರು. ಅಕ್ಕ ತನ್ನ ಪುಸ್ತಕವನ್ನು ಸೆರಗಿನೊಳಗೆ ಒತ್ತಿಹಿಡಿದಿದ್ದನ್ನು ನಾನು ಆಗ ನೋಡಿದೆ. ಉಳಿದವರೂ ತಮ್ಮ ಪುಸ್ತಕ ತೆರೆಯಲಿಲ್ಲ.

ವಾಪಸು ಬರುವ ಬಸ್ಸು ಬಂಕಾಪುರದ ಹತ್ತಿರ ಬಂದಾಗ ಅಕ್ಕ ನನ್ನ ಕಡೆ ತಿರುಗಿದಳು. ಅಲ್ಲಿ ಅವಳು ಇಳಿಯಬೇಕು.

“ಖರೇ ಹೇಳು. ಎಷ್ಟು ಬರ್ತಾವು?”

“ಏಳು.”

“ನನ್ನ ಕಡೆ ಐದು” ಎಂದಳು. “ನಾನೂ ತುಂಬಿಸೇ ಬರದೇನಿ. ನಾ ಒಬ್ಬಾಕಿನ ಹಿಂಗ ಮಾಡಾಕತ್ತೇನಿ ಅಂದ್ಕೊಂಡಿದ್ನಿ.”

ಇಷ್ಟು ವರ್ಷ ಒಂದೇ ಚಾಪೆಯ ಮೇಲೆ ಕುಳಿತು ಒಂದೇ ತಟ್ಟೆಯಲ್ಲಿ ಖಾರ ತಿಂದವರು, ಈ ಒಂದು ಮಾತನ್ನು ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಹೇಳಿಕೊಂಡಿದ್ದರೆ ಎಲ್ಲರೂ ಕೂಡಿ ಖರೇ ಹಾಜರಿ ಬರೆಯಬಹುದಿತ್ತು. ಎಲ್ಲರ ಕೆಲಸವನ್ನೂ ಒಮ್ಮೆಲೇ ತೆಗೆಯಲು ಆಗುತ್ತಿರಲಿಲ್ಲ. ಇದು ನನಗೆ ಈಗ ಹೊಳೆಯುತ್ತಿದೆ. ಈಗ ಹೊಳೆದು ಏನು ಬಂತು?

ಒಂದು ದಿನ ಹೇಳದೆ ಕೇಳದೆ ತಪಾಸಣೆಗೆ ಬಂದರು. ಏಳರಲ್ಲಿ ಆ ದಿನ ಆರು ಬಂದಿದ್ದವು. ಕೇಂದ್ರ ಮುಂದಿನ ಊರಿಗೆ ಕೂಡಿತು, ನಾನು ಕೆಲಸ ಕಳೆದುಕೊಂಡು ಮನೆಗೆ ಬಂದೆ. ಆ ಏಳು ಮಕ್ಕಳಲ್ಲಿ ಒಂದೂ ಆ ಊರಿಗೆ ಹೋಗಲಿಲ್ಲ. ಗೋವಿನಜೋಳದ ಹೊಲದ ಬದುವಿನಲ್ಲಿ ತಾಯಂದಿರ ಬುತ್ತಿಯ ಪಕ್ಕ ಅವು ಕುಳಿತಿರುವುದನ್ನು ನೋಡಿದಾಗಲೆಲ್ಲ ನಾನು ಬೇರೆ ದಾರಿ ಹಿಡಿದು ಹೋಗುತ್ತಿದ್ದೆ. ಸಂಘ ಮುರಿಯಿತು ಎಂದು ಯಾರೂ ಹೇಳಲಿಲ್ಲ. ಸರದಿ ಬಂದವರು ಸಭೆ ಕರೆಯಲಿಲ್ಲ, ಅಷ್ಟೇ. ಅಕ್ಕನ ಫೋನು ಒಂದೆರಡು ಸಲ ಬಂತು. ನಾನು ಎತ್ತಲಿಲ್ಲ.

ಇನ್ನು ನಿಮ್ಮಲ್ಲಿ ದೊಡ್ಡವಳಿಗೆ ಒಂದು ಮಾತು. ನಿನ್ನ ಅವ್ವನ ತವರಿನಿಂದ ನೀನು ಊರಿಗೆ ಬಂದ ವರ್ಷವೇ ಎಲ್‌ಕೆಜಿ ಶುರುವಾಗಿತ್ತು. “ಅತ್ತೀ, ಬ್ಯಾಸರ ಮಾಡ್ಕೋಬ್ಯಾಡ್ರಿ, ಅಲ್ಲಿ ಇಂಗ್ಲಿಷ್ ಕಲಿಸ್ತಾರ” ಎಂದು ನಿನ್ನ ಅವ್ವ ಹೇಳಿದಳು. ನಾನು ಬೇಡ ಎನ್ನಲಿಲ್ಲ, ಬೆಲ್ಟು ನಾನೇ ಕಟ್ಟಿದೆ. ಆದರೆ ನೀನು ನನ್ನ ಹತ್ತಿರ ಬರುತ್ತೀಯೆಂದು ಹಾಜರಿ ಪುಸ್ತಕದ ಮೊದಲ ಸಾಲಿನಲ್ಲಿ ನಿನ್ನ ಹೆಸರನ್ನು ಮುಂಚೆಯೇ ಬರೆದಿಟ್ಟಿದ್ದೆ. ಆ ದಿನ ಮೇಡಂ ಓದಿದ ಹೆಸರು ನಿನ್ನದು.

ಮೊನ್ನೆ ನೀನು ಕೇಳಿದೆ: “ಆಯಿ, ನಾ ನಿನ್ನ ಅಂಗನವಾಡಿಗೆ ಬರ್ತಿದ್ನೇನು?” ನಾನು ಆಗಲೂ ತಲೆಯಾಡಿಸಿದೆ. ಇಲ್ಲ ಮಗಳೇ, ನೀನು ಒಂದು ದಿನವೂ ಬಂದಿರಲಿಲ್ಲ.